ಫೆನಿಗೆ ಸಿಕ್ಕ ಮಾನ, ಅಂಬಲಿಗೆ ಬೇಕಾದ ಗುಡ್ಡ

ಗೋವಾದ ಪೇಯ ಯಾವುದೆಂದರೆ ಫೆನಿ ಎನ್ನುವವರೇ ಹೆಚ್ಚು. ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಗುರುತು ದಕ್ಕಿತು. 2016ರಲ್ಲಿ ರಾಜ್ಯ ಸರ್ಕಾರ ಅಬಕಾರಿ ಕಾಯ್ದೆಯನ್ನೇ ತಿದ್ದಿ ಅದಕ್ಕೆ ಪಾರಂಪರಿಕ ಮದ್ಯದ ಪಟ್ಟ ಕಟ್ಟಿತು. ತಕರಾರೇನಿಲ್ಲ. ಆದರೆ ಗೋಡಂಬಿ ಮರ 16ನೇ ಶತಮಾನದಲ್ಲಿ ಪೋರ್ಚುಗೀಸರ ಜತೆ ಬ್ರೆಜಿಲ್‌ನಿಂದ ಬಂದದ್ದು. ರಾಗಿಯೂ ಮೂಲತಃ ಆಫ್ರಿಕಾದ್ದೇ, ಆದರೆ ಬಂದು ಸಾವಿರಾರು ವರ್ಷಗಳಾದವು. ಗೋವಾದವರು ನಾಚ್ಣೊ ಎನ್ನುವ ಈ ರಾಗಿಯ ಹಿಟ್ಟನ್ನು ಬೇಯಿಸಿ ಮಜ್ಜಿಗೆ, ಉಪ್ಪು ಬೆರೆಸಿದರೆ ಅಂಬೀಲ್, ಅಂದರೆ ಅಂಬಲಿ. ಬೆಲ್ಲ, ತೆಂಗಿನಹಾಲು ಸೇರಿಸಿ ಕಾಯಿಸಿದರೆ ತಿಝಣ್. ಹಿಂದೂ ಮನೆಗೂ ಕ್ರೈಸ್ತ ಮನೆಗೂ ಸಲ್ಲುವ ಈ ಪೇಯಕ್ಕೆ ಅಬಕಾರಿ ಸುಂಕವಿಲ್ಲ. ಅದರ ಬಗ್ಗೆ ಸರ್ಕಾರಕ್ಕೆ ಆಸಕ್ತಿಯಿಲ್ಲದಿರಲು ಅದೂ ಒಂದು ಕಾರಣವಿರಬಹುದು.

ಹಾಗೆಂದು ಅಂಬಲಿಗೂ ಒಂದು ಬಿರುದು ಕೊಡಿ ಎಂಬುದು ನನ್ನ ವಾದವಲ್ಲ; ಬಿರುದಿಗಿಂತ ಅದರ ಕಾಳು ಬೆಳೆಯುವ ನೆಲ ಮುಖ್ಯ. ಮೆಕ್ಸಿಕೊದ ವಹಾಕಾದಲ್ಲಿ ಮೆಕ್ಕೆಜೋಳ, ಕೋಕೋ ಅರೆದು ಮಾಡುವ ತೆಹಾತೆ ಎಂಬ ಪೇಯ ಇಂದಿಗೂ ಸಂತೆಯಲ್ಲಿ ಸಿಗುತ್ತದೆ. ಅಂಥದೇ ಪಿನೊಲ್ ಕುಡಿಯುವ ನಿಕರಾಗುವಾದ ಜನ ತಮ್ಮನ್ನೇ 'ಪಿನೊಲೆರೊ' ಎಂದು ಕರೆದುಕೊಳ್ಳುತ್ತಾರೆ. ಯುನೆಸ್ಕೊ 2010ರಲ್ಲಿ ಮೆಕ್ಸಿಕೊದ ಅಡುಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪಾತ್ರೆಯಲ್ಲಿರುವುದನ್ನಷ್ಟೇ ನೋಡಲಿಲ್ಲ. ಮೆಕ್ಕೆಜೋಳದ ಜತೆ ಬೀನ್ಸ್, ಕುಂಬಳ ಬೆಳೆಯುವ ಮಿಲ್ಪಾ ಹೊಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಗೋವಾ ಎಡವಿದ್ದು ಇಲ್ಲೇ. ಇಲ್ಲಿಯ ನಾಚ್ಣೊ ಗುಡ್ಡದ ಇಳಿಜಾರಿನ ಬೆಳೆ; ವೆಳಿಪ, ಗೌಡ, ಕುಣಬಿ ಸಮುದಾಯಗಳು ಕಾಡು ಕಡಿದು ಸುಟ್ಟು ಬಿತ್ತುವ ಕುಮೇರಿ ಪದ್ಧತಿಯಲ್ಲಿ ಬೆಳೆದದ್ದು. ಅರಣ್ಯ ಕಾನೂನು ಕುಮೇರಿಯನ್ನು ಹೊರಗಟ್ಟಿತು, ಎಷ್ಟೋ ಇಳಿಜಾರುಗಳಲ್ಲಿ ಗೋಡಂಬಿ ತಲೆಯೆತ್ತಿತು. ಅಂಬಲಿಯ ಗುಡ್ಡದಲ್ಲಿ ಈಗ ಫೆನಿಯ ಮರ.

ಅಂಬಲಿ ಬಡತನದ ಊಟ, ಅನ್ನ ಸಿಕ್ಕವರು ಅದನ್ನು ಬಿಟ್ಟರು, ಈಗ ಹಾಡಿ ಹೊಗಳುವುದು ಹೊಟ್ಟೆ ತುಂಬಿದವರ ಚಪಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಕೀಳೆಂಬ ಹಣೆಪಟ್ಟಿ ಕಾಳಿನದಲ್ಲ, ಉಣ್ಣುವವರ ಜಾತಿಯದು. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ, ರಾಗಿಗಳನ್ನು ಜಗಳಕ್ಕೆ ನಿಲ್ಲಿಸಿದ್ದು ಅದನ್ನೇ ಬಯಲಿಗೆಳೆಯಲು. ಕುಮೇರಿಯಿಂದ ಕಾಡು ನಾಶವಾಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನೆಲಕ್ಕೆ ಸಾಕಷ್ಟು ವರ್ಷ ಬಿಡುವು ಕೊಡದೆ ಮತ್ತೆ ಮತ್ತೆ ಸುಟ್ಟರೆ ನಾಶ ಖಂಡಿತ. ಆದರೆ ಗೋವಾದ ಗುಡ್ಡಗಳನ್ನು ಬಗೆದ ಕಬ್ಬಿಣದ ಅದಿರಿನ ಗಣಿಗಳನ್ನು ದಶಕಗಳ ಕಾಲ ಸಹಿಸಿಕೊಂಡ ವ್ಯವಸ್ಥೆ ರಾಗಿ ಬಿತ್ತುವವನ ಕತ್ತಿಗೆ ಮಾತ್ರ ಹೆದರುವುದು ವಿಚಿತ್ರ. ವೆಳಿಪ, ಗೌಡ, ಕುಣಬಿ ಈ ಮೂರೂ ಸಮುದಾಯಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದೆ, 2006ರ ಅರಣ್ಯ ಹಕ್ಕು ಕಾಯ್ದೆಯೂ ಕೈಯಲ್ಲಿದೆ. ಗೋವಾದ ಕಾಣಕೋಣ, ಸಾಂಗೆ ತಾಲ್ಲೂಕುಗಳ ಇಳಿಜಾರುಗಳ ಹಕ್ಕುಪತ್ರ ಮೊದಲು ಆ ಮನೆಗಳನ್ನು ತಲುಪಲಿ; ಸಿರಿಧಾನ್ಯ ಮೇಳದ ಚಪ್ಪರ ಆಮೇಲೆ ಹಾಕಬಹುದು.