ಐರ್ಲೆಂಡಿನಲ್ಲಿ ಕಾರಿಗೆ ಏಸಿ ಯಾಕ್ರೀ?

"ಇಲ್ಲಿನ ಚಳಿಗೆ ಏಸಿ ಬೇರೆ ಕೇಡು!" ನಮ್ಮ ಕೂಟಗಳಲ್ಲಿ ಹಳೇ ಕಾರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆನ್ನುವುದುಂಟು. ಅವರ ಮಾತೂ ಸುಳ್ಳಲ್ಲ ಬಿಡಿ. 2022ರ ಜುಲೈ 18ರಂದು ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ 33 ಡಿಗ್ರಿ ಮುಟ್ಟಿದ್ದೇ ಇಲ್ಲಿ ದೊಡ್ಡ ಸುದ್ದಿ. ರಾಯಚೂರಿನವರು ಕೇಳಿದರೆ ನಕ್ಕಾರು. ಇಂಥ ದೇಶದಲ್ಲಿ, ಪ್ರತಿ ವರ್ಷ ಎನ್‌ಸಿಟಿಗೆ ಒಯ್ಯಬೇಕಾದ ಹತ್ತು ವರ್ಷ ಮೀರಿದ ಕಾರಿನ ಏಸಿ ಕೆಟ್ಟರೆ ರಿಪೇರಿ ಮಾಡಿಸಬೇಕೇ? ಮಾಡಿಸಬೇಕು, ಅದೂ ಅರೆಬರೆಯಲ್ಲ, ಪೂರ್ತಿಯಾಗಿ ಮಾಡಿಸಬೇಕು ಎಂಬುದು ನನ್ನ ವಾದ.

ಏಸಿ ಹುಟ್ಟಿದ್ದೇ ತಂಪಿಗಾಗಿ ಅಲ್ಲ ಅಂದರೆ ನಂಬುತ್ತೀರಾ? 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ಅದನ್ನು ವಿನ್ಯಾಸ ಮಾಡಿದ್ದು ಬ್ರೂಕ್ಲಿನ್ನಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ಗಾಳಿಯ ತೇವಕ್ಕೆ ಅಲ್ಲಿ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೇವ ತೆಗೆಯುವುದೇ ಮೊದಲ ಏಸಿಯ ಕೆಲಸ.

ಐರ್ಲೆಂಡಿನ ಕಾರಿನಲ್ಲೂ ಅದರ ಮುಖ್ಯ ಕೆಲಸ ಅದೇ. ನವೆಂಬರಿನ ಬೆಳಿಗ್ಗೆ ನೆನಪಿಸಿಕೊಳ್ಳಿ. ಒದ್ದೆ ಕೋಟು, ಒದ್ದೆ ಶೂ, ಹಿಂದಿನ ಸೀಟಿನಲ್ಲಿ ಸ್ಕೂಲಿಗೆ ಹೊರಟ ಮಕ್ಕಳ ಉಸಿರು. ಎರಡೇ ನಿಮಿಷದಲ್ಲಿ ಗಾಜೆಲ್ಲ ಮಂಜು. ಏಸಿ ಹಾಕಿದರೆ ಗಾಳಿ ಮೊದಲು ತಣ್ಣನೆಯ ಇವ್ಯಾಪರೇಟರಿನ ಮೇಲೆ ಹಾದು ನೀರನ್ನು ಅಲ್ಲೇ ಬಿಟ್ಟು, ಆಮೇಲೆ ಹೀಟರಿನಲ್ಲಿ ಬಿಸಿಯಾಗಿ ಒಣಗಾಳಿಯಾಗಿ ಬರುತ್ತದೆ. ಗಾಜು ಬೇಗ ತಿಳಿಯಾಗುತ್ತದೆ. ಹೊರಗೆ ಸೊನ್ನೆಯ ಹತ್ತಿರ ಇಳಿದಾಗ ಎಷ್ಟೋ ಕಾರುಗಳಲ್ಲಿ ಕಂಪ್ರೆಸರು ತಾನಾಗಿ ನಿಲ್ಲುತ್ತದೆ, ನಿಜ. ಆದರೆ ಇಲ್ಲಿನ ಚಳಿಗಾಲದ ಬಹುಪಾಲು ದಿನಗಳು ಅಷ್ಟು ತಣ್ಣಗಿರುವುದಿಲ್ಲ, ಬರೀ ಒದ್ದೆ. ಹಾಗಾಗಿ ಏಸಿ ಇಲ್ಲಿ ಶೋಕಿಯಲ್ಲ, ವೈಪರಿನ ಹಾಗೆ ಕಣ್ಣಿಗೆ ದಾರಿ ತೋರಿಸುವ ಸಾಧನ.

ತಮಾಷೆಯೆಂದರೆ, ಇಲ್ಲಿ ಏಸಿ ಬಳಸಿ ಸವೆಯುವುದಕ್ಕಿಂತ ಬಳಸದೇ ಕೆಡುವುದು ಸುಲಭ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ತಿಂಗಳುಗಟ್ಟಲೆ ಗುಂಡಿ ಒತ್ತದಿದ್ದರೆ ಸೀಲು ಒಣಗಿ ಗ್ಯಾಸು ಜಿನುಗತೊಡಗುತ್ತದೆ. ಜೊತೆಗೆ, ಕಾರಿನ ಮೂತಿಯಲ್ಲೇ ಇರುವ ಕಂಡೆನ್ಸರನ್ನು ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿನ್ನುತ್ತದೆ.

ಆಗ ನಾವು ಮಾಡುವುದೇನು? ಬೇಸಿಗೆ ಬಂತೆಂದರೆ ಗ್ಯಾಸು ತುಂಬಿಸಿಕೊಂಡು ಬರುತ್ತೇವೆ. ಆದರೆ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ಹಲವು ವರ್ಷಗಳಲ್ಲಿ ಅಷ್ಟಿಷ್ಟು ಕಡಿಮೆಯಾಗುವುದು ಸಹಜ. ವರ್ಷ ವರ್ಷ ಖಾಲಿಯಾದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸು ತುಂಬುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. 2006ರ ಯುರೋಪಿಯನ್ ಒಕ್ಕೂಟದ ನಿರ್ದೇಶನವೂ ಇದನ್ನೇ ಹೇಳುತ್ತದೆ: ಅಸಹಜವಾಗಿ ಗ್ಯಾಸು ಸೋರಿದ ಕಾರಿಗೆ ರಿಪೇರಿಯಾಗುವವರೆಗೆ ಮತ್ತೆ ತುಂಬುವಂತಿಲ್ಲ.

"ಅರ್ಧ ಕೆಜಿ ಗ್ಯಾಸಿನಿಂದ ಏನು ಮಹಾ?" ಎನ್ನುವವರಿಗೆ ಒಂದು ಲೆಕ್ಕ. ಹಳೇ ಕಾರುಗಳಲ್ಲಿರುವುದು ಹೆಚ್ಚಾಗಿ ಆರ್-134ಎ. ಯುರೋಪಿನ ನಿಯಮಗಳ ಪ್ರಕಾರ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದರ ಒಂದು ಕೆಜಿ 1,430 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ಅರ್ಧ ಕೆಜಿ ಸೋರಿದರೆ 715 ಕೆಜಿ. ಸುಮಾರು 300 ಲೀಟರ್ ಪೆಟ್ರೋಲು ಸುಟ್ಟರೆ ಅಷ್ಟಾಗುತ್ತದೆ, ಅಂದರೆ ಡಬ್ಲಿನ್ನಿನಿಂದ ಕಾರ್ಕಿಗೆ ಹತ್ತಿರ ಹತ್ತಿರ ಎಂಟು ಸಲ ಹೋಗಿ ಬಂದಷ್ಟು! ಕೆಲವು ಅನಿಲಗಳು ಶಾಖವನ್ನು ಹಿಡಿದಿಡುತ್ತವೆ ಎಂದು 1859ರಲ್ಲಿ ಪ್ರಯೋಗ ಮಾಡಿ ತೋರಿಸಿದ ಜಾನ್ ಟಿಂಡಲ್ ಹುಟ್ಟಿದ್ದು ಇಲ್ಲೇ ಕಾರ್ಲೋ ಕೌಂಟಿಯ ಲಾಕ್ಲಿನ್‌ಬ್ರಿಜ್‌ನಲ್ಲಿ. ಅವರ ನಾಡಿನಲ್ಲಿ ಕೂತು ನಾವು ಇದನ್ನು ಮರೆಯಬಾರದಲ್ಲವೇ?

ಪೂರ್ತಿ ರಿಪೇರಿ ಅಂದರೆ ಹೀಗೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಎಳೆದುಕೊಳ್ಳಬೇಕು. ಇದನ್ನು ತರಬೇತಿಯ ಸರ್ಟಿಫಿಕೇಟು ಇರುವವರೇ ಮಾಡಬೇಕೆಂಬುದು ಕಾನೂನು. ನೈಟ್ರೋಜನ್ ತುಂಬಿ ಸೋರುವ ಜಾಗ ಹುಡುಕಬೇಕು. ಕೆಟ್ಟ ಭಾಗದ ಜೊತೆಗೆ, ಬಿಚ್ಚಿದ ಜೋಡಣೆಗಳ ರಬ್ಬರ್ ಓ-ರಿಂಗುಗಳನ್ನೂ ತೇವ ಹೀರುವ ಡ್ರೈಯರನ್ನೂ ಬದಲಿಸಬೇಕು. ಹೊರಗಾಳಿ ತಾಗಿದ ಡ್ರೈಯರು ನೀರು ಕುಡಿದು ತುಂಬಿದ ಸ್ಪಂಜಿದ್ದಂತೆ, ಕೆಲಸಕ್ಕೆ ಬಾರದು. ಒಳಗೆ ತೇವ ಉಳಿದರೆ ಆಮ್ಲವಾಗಿ ಲೋಹವನ್ನೇ ತಿನ್ನುತ್ತದೆ. ಆದ್ದರಿಂದ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು, ಅದು ನಿಲ್ಲುತ್ತದೆಯೇ ಎಂದು ನೋಡಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತೂಗಿ ತುಂಬಬೇಕು. 2017ರಿಂದ ಯುರೋಪಿನ ಹೊಸ ಕಾರುಗಳಿಗೆ ಆರ್-134ಎ ಹಾಕುವಂತಿಲ್ಲ. ಹಾಗೆಂದು ಅವುಗಳ ಆರ್-1234ವೈಎಫ್ ಅನ್ನು ಹಳೇ ಕಾರಿಗೆ ಹಾಕಿಸಹೋಗಬೇಡಿ.

ಎಲ್ಲ ಕಾರಿಗೂ ಇದು ತಕ್ಕದ್ದಲ್ಲ. ಕಂಪ್ರೆಸರು ಒಳಗೇ ಪುಡಿಯಾಗಿದ್ದರೆ ಆ ಲೋಹದ ಚೂರು ಕಂಡೆನ್ಸರಿನ ಸಣ್ಣ ನಾಳಗಳಲ್ಲಿ ಸೇರಿಕೊಂಡಿರುತ್ತದೆ. ಆಗ ಬಹುತೇಕ ಎಲ್ಲವನ್ನೂ ಬದಲಿಸಬೇಕು. ಕಾರಿನ ಅಡಿಯೂ ತುಕ್ಕು ಹಿಡಿದಿದ್ದರೆ ಮೂಗಿಗಿಂತ ಮೂಗುತಿ ಭಾರ. ಅಂಥಲ್ಲಿ ಗ್ಯಾಸನ್ನು ತೆಗೆಸಿ ಸುಮ್ಮನಾಗುವುದೇ ಜಾಣತನ. ಉಳಿದ ಕಾರುಗಳಲ್ಲಿ ತೊಂದರೆ ಒಂದು ಓ-ರಿಂಗಿನದೋ ಕಂಡೆನ್ಸರಿನದೋ ಆಗಿದ್ದರೆ ಒಮ್ಮೆ ಸರಿಯಾಗಿ ಮಾಡಿಸಿ. ಪ್ರತಿ ವರ್ಷ ಗ್ಯಾಸಿಗೆ ಸುರಿಯುವ ದುಡ್ಡು ಉಳಿದೀತು.

ಗ್ಯಾರೇಜಿನಲ್ಲಿ "ಗ್ಯಾಸು ಎಷ್ಟಕ್ಕೆ ತುಂಬುತ್ತೀರಿ?" ಎಂದು ಕೇಳಬೇಡಿ. "ಎಲ್ಲಿ ಸೋರುತ್ತಿದೆ?" ಎಂದು ಕೇಳಿ. ರಿಪೇರಿಯಾದ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ, ಡಿಸೆಂಬರಿನಲ್ಲೂ, ಆ ಗುಂಡಿ ಒತ್ತುವುದನ್ನು ಮಾತ್ರ ಮರೆಯಬೇಡಿ.