ಡ್ರೈವ್‌ವೇ ಎದ್ದುಹೋದದ್ದಕ್ಕೆ ಪಾಪ ಚಳಿಯನ್ನು ಯಾಕೆ ಬೈತೀರಿ?

ಈ ಸಲ ಯುಗಾದಿ ಊಟಕ್ಕೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಮಿನ್ನೆಸೋಟದ ಯುಗಾದಿ ಅಂದರೆ ಗೊತ್ತಲ್ಲ, ತೋರಣ ಒಳಗೆ, ಕರಗದ ಹಿಮದ ರಾಶಿ ಹೊರಗೆ. ಒಬ್ಬಟ್ಟು ಮುಗಿಸಿ ಕೈ ತೊಳೆಯುವ ಹೊತ್ತಿಗೆ ಒಬ್ಬರು ಮಾತು ತೆಗೆದರು. "ನಮ್ಮ ಕಾಂಕ್ರೀಟ್ ಡ್ರೈವ್‌ವೇ ಪೂರ್ತಿ ಹಾಳಾಗಿದೆ ಕಣ್ರೀ, ಈ ಬೇಸಿಗೇಲಿ ಕಿತ್ತು ಹೊಸದು ಹಾಕಿಸ್ಬೇಕು. ಯಾರಾದ್ರೂ ಚೀಪಾಗಿ ಮಾಡ್ಕೊಡೋರು ಇದಾರಾ?"

ಐದು ನಿಮಿಷದಲ್ಲಿ ನಾಲ್ಕು ಫೋನ್ ನಂಬರ್ ಬಂದವು. ಚದರಡಿಗೆ ಎಷ್ಟು ಡಾಲರ್ ಅನ್ನೋ ಚರ್ಚೆ ಅರ್ಧ ಗಂಟೆ ನಡೆಯಿತು. ಒಳಗೆ ಏನು ಹಾಕ್ತಾರೆ, ಅಡಿಯಲ್ಲಿ ಏನಿರುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಎಲ್ಲ ಸೇರಿ ಒಂದು ತೀರ್ಪು ಕೊಟ್ಟರು: "ಈ ದರಿದ್ರ ಚಳಿಗೆ ಯಾವ ಕಾಂಕ್ರೀಟೂ ನಿಲ್ಲಲ್ಲ ಬಿಡಿ."

ಹಬ್ಬದ ದಿನ ಜಗಳ ಬೇಡ ಅಂತ ಅಲ್ಲಿ ಸುಮ್ಮನಿದ್ದೆ. ಆ ಸಿಟ್ಟು ಇಲ್ಲಿ ತೀರಿಸಿಕೊಳ್ತಿದೀನಿ :-) ಆ ತೀರ್ಪು ಶುದ್ಧ ಸುಳ್ಳು. ಡ್ರೈವ್‌ವೇ ಸಾಯೋದು ಚಳಿಗಲ್ಲ ಸ್ವಾಮಿ. ಅದು ಸಾಯೋದು ನಾವು ಕಣ್ಣುಮುಚ್ಚಿ ಸಹಿ ಹಾಕುವ ಆ ಒಂದು ಹಾಳೆಯ ಕೊಟೇಶನ್ ಮೇಲೆ. ಹೇಗೆ ಗೊತ್ತು ಅಂದ್ರಾ? ನಾನೂ ಹಾಗೇ ಸಹಿ ಹಾಕಿದವನು.

2019ರ ಮಾತು. ಮೂರು ಕೊಟೇಶನ್ ತಗೊಂಡೆ. ಎಲ್ಲಕ್ಕಿಂತ ಕಡಿಮೆ ಹೇಳಿದವನನ್ನು ಆರಿಸಿ, ಅವನ ಹತ್ತಿರವೂ ಚೌಕಾಸಿ ಮಾಡಿ ಇನ್ನೈನೂರು ಡಾಲರ್ ಇಳಿಸಿ, ಹೆಂಡತಿ ಮುಂದೆ ಮೀಸೆ ತಿರುವಿದೆ. ಅವನಿಗೆ ಬಿಡುವು ಸಿಕ್ಕಿದ್ದು ಅಕ್ಟೋಬರ್ ಕೊನೆಯ ವಾರ. ಒಂದೇ ದಿನ ಮೂರು ಮನೆಗಳ ಕೆಲಸ ಒಪ್ಪಿಕೊಂಡಿದ್ದ. ಬೆಳಿಗ್ಗೆ ಲಾರಿ ಬಂತು, ಮಧ್ಯಾಹ್ನಕ್ಕೆ ಎಲ್ಲ ಮುಗಿದು ಜನ ಖಾಲಿ. ಊರಿಗೆ ಹೊರಡೋ ತಯಾರಿಯಲ್ಲಿದ್ದ ಅಪ್ಪ ಕಿಟಕಿಯಲ್ಲಿ ನಿಂತು ನೋಡ್ತಿದ್ದವರು ಒಂದೇ ಪ್ರಶ್ನೆ ಕೇಳಿದರು. "ಏನೋ ಇದು, ಹಾಕಿದ್ದು ಹಾಗೇ ಬಿಟ್ಟು ಹೋದ್ರು, ಕ್ಯೂರಿಂಗ್ ಮಾಡಲ್ವೇನೋ?"

ಅಪ್ಪ ಇಂಜಿನಿಯರ್ ಅಲ್ಲ, ಹಾಸನದ ಕಡೆ ಮೇಷ್ಟ್ರಾಗಿದ್ದವರು. ಆದರೆ ಸ್ವಂತ ಮನೆ ಕಟ್ಟಿಸಿದವರು. ತಾರಸಿ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಗಳಿಗೆ ಗೋಣಿಚೀಲ ಸುತ್ತಿ, ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತವರು. ನಾನು ನಕ್ಕೆ. "ಅಪ್ಪಾ, ಇದು ಅಮೇರಿಕಾ. ಇಲ್ಲಿ ಅದೆಲ್ಲ ಬೇಡ." ಎಂಥಾ ಅಹಂಕಾರ ನೋಡಿ!

ಮುಂದಿನ ಏಪ್ರಿಲ್ಲಿಗೆ ಹಿಮ ಕರಗಿದಾಗ ಡ್ರೈವ್‌ವೇ ತುಂಬ ಹಕ್ಕಳೆ. ಮೇಲಿನ ಪದರ ಚಿಪ್ಪು ಚಿಪ್ಪಾಗಿ ಎದ್ದು ಒಳಗಿನ ಜಲ್ಲಿ ಕಾಣ್ತಿತ್ತು. ಎರಡನೇ ವರ್ಷ ಗರಾಜಿನ ಬಾಗಿಲ ಹತ್ತಿರ ಒಂದು ತುಂಡು ಒಂದಿಂಚು ಮೇಲೆದ್ದು ನಿಂತಿತು. ಆ ಗುಂಡಿಗಳಲ್ಲಿ ಕಟ್ಟಿದ ಐಸ್ ಮೇಲೆ ಕಾಲಿಟ್ಟು ನನ್ನ ಹೆಂಡತಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ ಅದೇ ಮಂಗಳಾರತಿ: "ಇದು ಮಿನ್ನೆಸೋಟ ಚಳಿ, ಜೊತೆಗೆ ನೀವು ಉಪ್ಪು ಹಾಕಿದೀರ." ಹಾಳೆ ತೆಗೆದು ನೋಡಿದೆ. ಮೇಲ್ಪದರ ಎದ್ದರೆ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಬರೆದೇ ಇತ್ತು.

ಆಮೇಲೆ ಒಂದು ದಿನ ಹಿಮ ಎತ್ತುತ್ತಾ ನಿಂತಾಗ ಕಣ್ಣಿಗೆ ಬಿದ್ದದ್ದು ರಸ್ತೆಯಂಚಿನ ಕಾಂಕ್ರೀಟ್ ಕರ್ಬ್. 1994ರಲ್ಲಿ ನಮ್ಮ ಬಡಾವಣೆ ಆದಾಗ ಹಾಕಿದ್ದು. ಅದಕ್ಕೂ ಅದೇ ಚಳಿ. ಉಪ್ಪು ನಮಗಿಂತ ಹತ್ತು ಪಟ್ಟು. ಮೇಲಿಂದ ಹಿಮ ತಳ್ಳುವ ಲಾರಿಯ ಹೊಡೆತ ಬೇರೆ. ಅಲ್ಲಲ್ಲಿ ಮೂಲೆ ಮುಕ್ಕಾಗಿದೆ ಅಷ್ಟೆ, ಹಕ್ಕಳೆ ಎದ್ದಿಲ್ಲ. ಚಳಿಯೇ ಅಪರಾಧಿಯಾದರೆ ಇದು ಹೇಗೆ ಉಳಿಯಿತು ಹೇಳಿ?

ಇದರ ಹಿಂದಿರೋದು ಹೈಸ್ಕೂಲ್ ವಿಜ್ಞಾನ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನೀರು ತುಂಬಿದ್ದು, ಹಿಗ್ಗೋಕೆ ಜಾಗ ಇಲ್ಲದಿದ್ದರೆ ಒಳಗಿನಿಂದಲೇ ಒಡೆಯುತ್ತೆ. ಇದಕ್ಕೆ ಮದ್ದು 1930ರ ದಶಕದಲ್ಲೇ ಅಮೇರಿಕಾದಲ್ಲಿ ಗೊತ್ತಾಯಿತು. ಕಲಸುವಾಗ ಒಂದು ರಾಸಾಯನಿಕ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಕಾಂಕ್ರೀಟ್ ತುಂಬ ಉಳಿಯುವಂತೆ ಮಾಡೋದು. ಶೇಕಡಾ 5ರಿಂದ 8ರಷ್ಟು ಗಾಳಿ ಇದ್ದರೆ ಹಿಗ್ಗುವ ನೀರಿಗೆ ಓಡಿಹೋಗೋಕೆ ಜಾಗ ಸಿಗುತ್ತೆ. ತೊಂಬತ್ತು ವರ್ಷ ಹಳೆಯ ಮದ್ದು ಇಟ್ಕೊಂಡು ಇವತ್ತೂ ಚಳಿಯನ್ನು ಬೈತೀವಲ್ಲ, ನಾಚಿಕೆ ಆಗಬೇಕು.

ಗಾಳಿ ಒಂದೇ ಸಾಲದು. ಅವತ್ತು ಲಾರಿ ಡ್ರೈವರ್ ಪೈಪ್ ಹಿಡಿದು ಡ್ರಮ್ಮಿಗೆ ನೀರು ಬಿಡ್ತಾನೇ ಇದ್ದ. ನೀರು ಜಾಸ್ತಿಯಾದರೆ ಪಾಯಸದ ಹಾಗೆ ಹರಿಯುತ್ತೆ, ಹರಡೋದು ಸುಲಭ. ಒಂದು ಘನ ಗಜಕ್ಕೆ ಒಂದು ಗ್ಯಾಲನ್ ಹೆಚ್ಚಿಗೆ ಹಾಕಿದರೆ ಸುಮಾರು 200 ಪಿಎಸ್‌ಐ ಶಕ್ತಿ ಹೋಗುತ್ತೆ ಅನ್ನೋದು ಈ ಕಸುಬಿನ ಲೆಕ್ಕ. ನಮ್ಮ 800 ಚದರಡಿಗೆ, 4 ಇಂಚು ದಪ್ಪಕ್ಕೆ, ಹಿಡಿದದ್ದು ಸುಮಾರು 10 ಘನ ಗಜ. ಅಂದರೆ ಎರಡು ಬಕೆಟ್ ನೀರು ಸಾಕು, ಕೆಲಸ ಕೆಡಿಸೋಕೆ! ಆಮೇಲೆ ಮೇಲೆ ತೇಲಿ ಬಂದ ನೀರು ಆರುವ ಮೊದಲೇ, ಸಾಲದ್ದಕ್ಕೆ ಇನ್ನಷ್ಟು ನೀರು ಚಿಮುಕಿಸಿ, ಕರಣೆಯಲ್ಲಿ ಕನ್ನಡಿ ಹಾಗೆ ಉಜ್ಜಿದರು. ನಾನು ಮೆಚ್ಚಿ ಫೋಟೋ ಬೇರೆ ತೆಗೆದೆ. ಹಾಗೆ ಉಜ್ಜಿದ ಮೇಲಿನ ಪದರ ನೀರು ಹೆಚ್ಚು, ಗಾಳಿ ಕಡಿಮೆಯಾಗಿ ದುರ್ಬಲವಾಗುತ್ತೆ. ಎದ್ದು ಬಂದದ್ದು ಸರಿಯಾಗಿ ಅದೇ ಪದರ. ಹೊರಗಿನ ಕಾಂಕ್ರೀಟಿಗೆ ಬೇಕಾದ್ದು ಪೊರಕೆ ಗೆರೆ, ಕನ್ನಡಿ ಅಲ್ಲ.

ಅಪ್ಪನ ಪ್ರಶ್ನೆಗೆ ಬರೋಣ. ಅಕ್ಟೋಬರಿನಲ್ಲಿ ನೀರೇ ಕಟ್ಟಬೇಕಿರಲಿಲ್ಲ, ಕಟ್ಟಲೂಬಾರದು. ಒದ್ದೆ ಕಾಂಕ್ರೀಟಿಗೆ ಹೆಪ್ಪುಗಟ್ಟುವ ರಾತ್ರಿ ಬಂದರೆ ಕಷ್ಟ. ಆದರೆ ಒಳಗಿನ ತೇವ ಆರದಂತೆ ಕ್ಯೂರಿಂಗ್ ಕಾಂಪೌಂಡ್ ಸಿಂಪಡಿಸಿ, ರಾತ್ರಿಯ ಚಳಿಗೆ ಹೊದಿಕೆ ಹಾಕಬಹುದಿತ್ತು. ಸಿಂಪಡಿಸೋದು ಅರ್ಧ ಗಂಟೆ ಕೆಲಸ. ಮೇಷ್ಟ್ರಿಗೆ ಗೊತ್ತಿದ್ದದ್ದು ಕಂಟ್ರಾಕ್ಟರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೂರನೇ ಮನೆಗೆ ಹೊತ್ತಾಗ್ತಿತ್ತು.

ಇನ್ನು ಮೇಲೆದ್ದ ತುಂಡು. ಕೆಳಗಿನ ನೆಲ ಉಬ್ಬೋಕೆ ಮೂರು ಬೇಕು: ನೀರು ಹೀರುವ ನುಣುಪು ಮಣ್ಣು, ನೀರು, ಹೆಪ್ಪುಗಟ್ಟುವ ಚಳಿ. ಇಲ್ಲಿನ ಕಟ್ಟಡ ನಿಯಮದ ಪ್ರಕಾರ ಪಾಯ ರಾಜ್ಯದ ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಆಳ ಹೋಗಬೇಕು. ಡ್ರೈವ್‌ವೇಗೆ ಅಷ್ಟು ಆಳದ ಪಾಯ ಯಾರೂ ಹಾಕಲ್ಲ. ಚಳಿ ನಮ್ಮ ಕೈಲಿಲ್ಲ, ನೀರು ಕೈಲಿದೆ. ಅಡಿಗೆ ಜಲ್ಲಿ ಹಾಕಿ ದಮ್ಮಸು ಮಾಡಿದರೆ ನೀರು ನಿಲ್ಲಲ್ಲ. ನನ್ನವನು ಹಳೇ ಕಾಂಕ್ರೀಟ್ ಕಿತ್ತು, ಅದೇ ಮೆತ್ತನೆ ಮಣ್ಣಿನ ಮೇಲೆ ಹೊಸದು ಸುರಿದಿದ್ದ. ಸೂರಿನ ನೀರಿನ ಪೈಪನ್ನು ಡ್ರೈವ್‌ವೇ ಅಂಚಿಗೇ ಬಿಟ್ಟವನು ಮಾತ್ರ ನಾನು.

ಉಪ್ಪಿನ ವಿಷಯದಲ್ಲೂ ನನ್ನ ತಪ್ಪಿದೆ. ಮೊದಲ ಚಳಿಗಾಲ ಉಪ್ಪು ಮುಟ್ಟಲೇಬಾರದು, ಮರಳು ಎರಚಬೇಕು. ನಾನು ಮೈನಸ್ 20ರಲ್ಲಿ ಚೀಲಗಟ್ಟಲೆ ಸುರಿದೆ. ಮಾಮೂಲಿ ಉಪ್ಪು ಮೈನಸ್ 9 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚು ಕಡಿಮೆ ದಂಡ. "ಕಾಂಕ್ರೀಟಿಗೆ ಸುರಕ್ಷಿತ" ಅಂತ ಚೀಲದ ಮೇಲೆ ಬರೆದ ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡ್‌ಗಳನ್ನೂ ನಂಬಬೇಡಿ, ಅವು ಸಿಮೆಂಟಿನ ಜೊತೆಗೇ ರಾಸಾಯನಿಕವಾಗಿ ವರ್ತಿಸುತ್ತವೆ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನು ಶಾಶ್ವತವಾಗಿ ಕೆಡಿಸುತ್ತೆ ಅಂತ ಇಲ್ಲಿನ ಮಾಲಿನ್ಯ ನಿಯಂತ್ರಣ ಇಲಾಖೆ ಹೇಳ್ತಾನೇ ಇದೆ. ನಾವು ಸುರಿದದ್ದೆಲ್ಲ ಕೊನೆಗೆ ಇಲ್ಲಿನ ಕೆರೆಗಳಿಗೇ ಹೋಗೋದು.

ಈಚೆಗೆ ಇನ್ನೊಂದು ಹೊಸ ನೆಪ ಬಂದಿದೆ. ಇಂಗಾಲ ಕಡಿಮೆ ಮಾಡೋಕೆ ಶೇಕಡಾ 5ರಿಂದ 15ರಷ್ಟು ಸುಣ್ಣಕಲ್ಲಿನ ಪುಡಿ ಬೆರೆಸಿದ ಸಿಮೆಂಟ್ ಈಗ ಎಲ್ಲ ಕಡೆ ಬಳಕೆಯಲ್ಲಿದೆ, ಎದ್ದು ಹೋದದ್ದಕ್ಕೆಲ್ಲ ಅದೇ ಕಾರಣವಂತೆ. ಹೊಸ ಸಿಮೆಂಟಿಗೆ ಕೈ ಹೊಂದಿಸಿಕೊಳ್ಳಬೇಕು ನಿಜ. ಆದರೆ 2019ರಲ್ಲಿ ಆ ಸಿಮೆಂಟ್ ಇಷ್ಟೊಂದು ಬಳಕೆಗೆ ಬಂದಿರಲಿಲ್ಲ, ನನ್ನ ಡ್ರೈವ್‌ವೇ ಆಗಲೇ ಎದ್ದಿತ್ತು! "ಕಬ್ಬಿಣ ಜಾಸ್ತಿ ಹಾಕ್ಸಿ" ಅನ್ನೋರೂ ಇದ್ದಾರೆ. ಕಬ್ಬಿಣ ಬಿರುಕನ್ನು ಬಿಗಿಯಾಗಿ ಹಿಡಿಯುತ್ತೆ, ಹಕ್ಕಳೆಯನ್ನು ತಡೆಯಲ್ಲ.

2023ರ ಜೂನಿನಲ್ಲಿ ಎಲ್ಲ ಕಿತ್ತು ಮತ್ತೆ ಹಾಕಿಸಿದೆ. ಈ ಸಲ ಹಾಳೆಯಲ್ಲಿ ನಾನೇ ಬರೆಸಿದ್ದು ಇಷ್ಟು:

1. ಮೆತ್ತನೆ ಮಣ್ಣು ತೆಗೆದು 6 ಇಂಚು ಜಲ್ಲಿ, ಯಂತ್ರದಲ್ಲಿ ದಮ್ಮಸು.
2. ಕಾಂಕ್ರೀಟ್ 5 ಇಂಚು ದಪ್ಪ, ಮನೆಯಿಂದ ಹೊರಕ್ಕೆ ಇಳಿಜಾರು.
3. 4,500 ಪಿಎಸ್‌ಐ, ನೀರು-ಸಿಮೆಂಟ್ ಅನುಪಾತ 0.45 ಮೀರಬಾರದು, ಗಾಳಿ ಶೇಕಡಾ 5ರಿಂದ 8. ಲಾರಿಯ ಚೀಟಿ ನನ್ನ ಕೈಗೆ ಕೊಡಬೇಕು.
4. 10 ಅಡಿಗೆ ಮೀರದಂತೆ ಜಾಯಿಂಟು, ದಪ್ಪದ ಕಾಲು ಭಾಗ ಆಳ. ಗರಾಜಿನ ನೆಲಕ್ಕೂ ಡ್ರೈವ್‌ವೇಗೂ ಅಂಟದಂತೆ ನಡುವೆ ಪಟ್ಟಿ.
5. ಮೇಲೆ ನೀರು ಚಿಮುಕಿಸುವಂತಿಲ್ಲ, ಪೊರಕೆ ಗೆರೆ, ಅವತ್ತೇ ಕ್ಯೂರಿಂಗ್.
6. ಏಳು ದಿನ ಕಾರು ಹತ್ತಿಸುವಂತಿಲ್ಲ. (ಇದು ನನಗೆ!)

ಇದನ್ನು ನೋಡಿ ಇಬ್ಬರು ಕಂಟ್ರಾಕ್ಟರುಗಳು ಮತ್ತೆ ಫೋನೇ ಎತ್ತಲಿಲ್ಲ. ಮೂರನೆಯವನು "ಮೊದಲನೇ ಸಲ ಒಬ್ಬರು ಸರಿಯಾಗಿ ಕೇಳ್ತಿದಾರೆ" ಅಂತ ನಕ್ಕ. ದುಡ್ಡು ಜಾಸ್ತಿ ಆಯಿತು. ಆದರೆ ಎರಡು ಸಲ ಹಾಕಿಸಿದ ನನ್ನ ಒಟ್ಟು ಖರ್ಚು ಮತ್ತು ಆಸ್ಪತ್ರೆ ಬಿಲ್ಲಿನ ಮುಂದೆ ಅದೇನೂ ಅಲ್ಲ. ಇಪ್ಪತ್ತು ವರ್ಷ ಬಾಳುತ್ತೆ ಅಂತ ಈಗಲೇ ಕೊಚ್ಚಿಕೊಳ್ಳಲ್ಲ. ಹಳೆಯದು ಮೊದಲ ವರ್ಷಕ್ಕೇ ಎದ್ದಿತ್ತು, ಇದರಲ್ಲಿ ಇವತ್ತಿನ ತನಕ ಒಂದು ಹಕ್ಕಳೆ ಇಲ್ಲ.

ಕಂಟ್ರಾಕ್ಟರುಗಳೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ಒಂದೇ ದಿನ ಮೂರು ಮನೆ ಒಪ್ಪಿಕೊಳ್ಳೋ ಕಂಟ್ರಾಕ್ಟರನ್ನು ಹುಟ್ಟಿಸಿದವರು ನಾವೇ. ಐನೂರು ಡಾಲರ್ ಇಳಿಸಿ ಮೀಸೆ ತಿರುವಿದೆನಲ್ಲ, ಆ ಐನೂರನ್ನು ಅವನು ಎಲ್ಲಿಂದ ತೆಗೆಯಬೇಕಿತ್ತು? ಜಲ್ಲಿಯಿಂದ, ಕ್ಯೂರಿಂಗಿನಿಂದ, ಕಾಯಬೇಕಿದ್ದ ಆ ಎರಡು ಗಂಟೆಯಿಂದ. ತರಕಾರಿಗೆ ಚೌಕಾಸಿ ಮಾಡಿದರೆ ಕಣ್ಣೆದುರಿಗೆ ತರಕಾರಿ ಇರುತ್ತೆ. ಇಲ್ಲಿ ಕದ್ದದ್ದು ಕಾಣೋದು ಮುಂದಿನ ಏಪ್ರಿಲ್ಲಿಗೆ.

ಡೆಟ್ರಾಯಿಟ್, ಶಿಕಾಗೋ, ಟೊರಾಂಟೋ ಕಡೆಯ ಬ್ಲಾಗಿಗರೇ, ಈ ಬೇಸಿಗೆಯಲ್ಲಿ ನೀವೂ ಕಿತ್ತು ಹಾಕಿಸೋರಿದ್ದರೆ "ಎಷ್ಟು?" ಅಂತ ಕೇಳೋಕೆ ಮೊದಲು "ಏನೇನು?" ಅಂತ ಕೇಳಿ.

ಹೊಸದರ ಫೋಟೋ ಅಪ್ಪನಿಗೆ ಕಳಿಸಿದ್ದೆ. ಉತ್ತರ ಒಂದೇ ಸಾಲು: "ಕ್ಯೂರಿಂಗ್ ಮಾಡಿಸಿದೆ ತಾನೆ?"