ಮರ ಉರುಳಿದ್ದಕ್ಕೆ ಗಾಳಿಯನ್ನೇ ದೂರಬೇಕೆ?

ಪ್ರತಿ ವರ್ಷ ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಮರಗಳು ಉರುಳುತ್ತವೆ. ಮರುದಿನ ಎಲ್ಲರ ಬಾಯಲ್ಲೂ ‘ಸುಂಟರಗಾಳಿ’. ಅದರ ಬೆನ್ನಿಗೇ ‘ಅಪಾಯಕಾರಿ’ ಮರಗಳನ್ನು ಕಡಿಯಬೇಕೆಂಬ ಒತ್ತಾಯ. ನನ್ನ ತಕರಾರು ಈ ಹೆಸರಿನ ಬಗ್ಗೆಯೇ.

ಮಹಾನಗರಗಳನ್ನು ಹೋಲಿಸಿ ನೋಡೋಣ. ಅಮೆರಿಕದ ಒಕ್ಲಹೋಮಾ ಸಿಟಿಯ ಅಂಚಿನಲ್ಲಿ 1999ರ ಮೇ 3ರಂದು ಎದ್ದ ಸುಂಟರಗಾಳಿಯ ವೇಗ ಗಂಟೆಗೆ 480 ಕಿ.ಮೀ. ಆಸುಪಾಸಿನದೆಂದು ರಾಡಾರ್ ಅಳೆಯಿತು. ಢಾಕಾಕ್ಕೆ ಪಶ್ಚಿಮದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ 1989ರ ಏಪ್ರಿಲ್ 26ರಂದು ಸುಮಾರು 1,300 ಮಂದಿ ಸತ್ತರು. ನಮ್ಮ ದೆಹಲಿಯೂ ಹೊರತಲ್ಲ: 1978ರ ಮಾರ್ಚ್ 17ರಂದು ವಿಶ್ವವಿದ್ಯಾಲಯದ ಸುತ್ತಮುತ್ತ 28 ಜನ ಅಸುನೀಗಿದರು. ಇಲ್ಲೆಲ್ಲ ಆ ಋತುವಿನಲ್ಲಿ ನೆಲದ ತೇವಗಾಳಿಯ ಮೇಲೆ ಬೇರೊಂದು ದಿಕ್ಕಿನ ರಭಸದ ಗಾಳಿ ಬೀಸುತ್ತಿರುತ್ತದೆ. ಈ ವ್ಯತ್ಯಾಸದಿಂದ ಮೋಡವೇ ತಿರುಗತೊಡಗುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನ ಮೇಲೆ ಬೇಸಿಗೆಯಲ್ಲಿ ಅಂಥ ಬಲವಾದ ಮೇಲ್ಗಾಳಿ ಇರುವುದಿಲ್ಲ. ಹೀಗಾಗಿ ಈ ಸಾಲಿನಲ್ಲಿ ನಮ್ಮ ರಾಜಧಾನಿಯ ಸ್ಥಾನ ತೀರ ಕೆಳಗೆ.

ಅಲ್ಲಿ ಬೀಸುವುದು ಗುಡುಗುಮೋಡದಿಂದ ಕೆಳಗಿಳಿಯುವ ಬಿರುಗಾಳಿ. ಮಳೆಹನಿ ಆವಿಯಾಗುತ್ತ ತಣಿದ ಭಾರದ ಗಾಳಿ ಧುಮುಕಿ, ನೆಲಕ್ಕೆ ಬಡಿದು, ಸುತ್ತ ಹರಡುತ್ತದೆ. ಗಂಟೆಗೆ 60–70 ಕಿ.ಮೀ. ತಲಪುವುದುಂಟು. ಗುರುತು ಹಿಡಿಯಲು ಉಪಕರಣ ಬೇಕಿಲ್ಲ. ಬಿದ್ದ ಮರಗಳು ಒಂದೇ ದಿಕ್ಕಿಗೋ ಬೀಸಣಿಗೆಯಂತೆ ಹರಡಿಯೋ ಮಲಗಿದ್ದರೆ ಬಿರುಗಾಳಿ. ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ, ಒಳಮುಖವಾಗಿ ಕೆಡೆದಿದ್ದರೆ ಸುಂಟರಗಾಳಿ. ಗಾಳಿಗೆ ಅಡಿಕೆತೋಟ ಒಪ್ಪಿಸಿದ ಮಲೆನಾಡಿಗರಿಗೆ ಮೊದಲನೆಯ ನೋಟ ಚೆನ್ನಾಗಿ ಗೊತ್ತು.

ಇಷ್ಟು ಗಾಳಿಯನ್ನು ಆರೋಗ್ಯವಂತ ಮರ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ಮರವನ್ನು ಹಿಡಿದು ನಿಲ್ಲಿಸುವ ಬೇರುಗಳ ಬಹುಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇವೆ. ಚರಂಡಿ, ಕೇಬಲ್, ಕೊಳವೆಗಳಿಗಾಗಿ ನಾವು ಅಗೆಯುವುದೂ ಅದೇ ಮಣ್ಣನ್ನು. ಒಂದು ಬದಿಯ ಬೇರು ಹೋಯಿತು. ವಿದ್ಯುತ್ ತಂತಿಗೆಂದು ಒಂದು ಬದಿಯ ಕೊಂಬೆಯೂ ಹೋಯಿತು. ಬುಡಕ್ಕೆ ಕಾಂಕ್ರೀಟು ಬಿತ್ತು. ಪ್ಲೇಗಿನ ಕಾಲದಲ್ಲಿ ಜನರಿಗೆ ಗಾಳಿ ಬೆಳಕು ಸಿಗಲೆಂದು ಬೆಳೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಇಂದು ಬೇರಿಗೇ ಗಾಳಿಯಿಲ್ಲ. 2024ರ ಜೂನ್ 2ರಂದು ಬೆಂಗಳೂರಿಗೆ 111.1 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ 1891ರ ದಾಖಲೆ ಮುರಿಯಿತು. ನೂರಾರು ಮರಗಳು ನೆಲ ಕಚ್ಚಿದವು. ನೆನೆದು ಸಡಿಲವಾದ ಮಣ್ಣಿನಲ್ಲಿ ಅರ್ಧ ಬೇರಿನ ಮರ ಹೇಗೆ ನಿಂತೀತು?

ಗುಲ್‌ಮೊಹರ್‌ನಂಥ ಮೆದು ಮರಗಳಲ್ಲಿ ಮುಪ್ಪಾದುವನ್ನು, ಬುಡ ಟೊಳ್ಳಾದುವನ್ನು ತೆಗೆಯಲೇಬೇಕು. ಈ ಮಾತು ನಮ್ಮ ಕೆಲವು ಗೆಳೆಯರಿಗೆ ಹಿಡಿಸಲಾರದು. ಆದರೆ ಸುಂಟರಗಾಳಿಯೆಂದುಬಿಟ್ಟರೆ ಅದು ದೈವದ ಲೆಕ್ಕಕ್ಕೆ ಹೋಗುತ್ತದೆ, ಗುಂಡಿ ತೋಡಿದವರನ್ನು ಕೇಳುವವರಿಲ್ಲ. ದೆಹಲಿಯಲ್ಲಿ ಪ್ರತಿ ಮರದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಬಿಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ಬೆಂಗಳೂರಿನ ಹೊಸ ಐದು ನಗರಪಾಲಿಕೆಗಳು ಅಷ್ಟನ್ನಾದರೂ ಮಾಡಲಿ. ಜೊತೆಗೆ, ಬಿದ್ದ ಪ್ರತಿ ಮರದ ಬೇರನ್ನು ಸಾಗಿಸುವ ಮೊದಲು ಪರೀಕ್ಷಿಸಿ, ಅದು ಕೊಳೆತಿತ್ತೋ ಕತ್ತರಿಸಲ್ಪಟ್ಟಿತ್ತೋ, ಆ ರಸ್ತೆಯನ್ನು ಕೊನೆಯದಾಗಿ ಅಗೆದವರು ಯಾರು ಎಂಬುದನ್ನು ಬಹಿರಂಗವಾಗಿ ದಾಖಲಿಸಲಿ.